ಡಾಕ್ಟರಮ್ಮನ ಬೆಚ್ಚನೆಯ ನೀರು

ನಮ್ಮ ಡಾಕ್ಟರಮ್ಮನ ಎಡಗಣ್ಣು ಮಾತಾಡುವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ವರ್ಷಗಟ್ಟಲೆ ಸೂಕ್ಷ್ಮದರ್ಶಕಕ್ಕೆ ಒಂದೇ ಕಣ್ಣಿಟ್ಟು ನೋಡಿ ನೋಡಿ ಬಂದ ಚಾಳಿ. ಮೊದಲ ಸಲ ಕಂಡಾಗ ನನಗೆ ಕಣ್ಣು ಹೊಡೆಯುತ್ತಿದ್ದಾರೆಂದೇ ತಿಳಿದು, ಅಷ್ಟು ನೋವಿನಲ್ಲೂ ಕಿಸಕ್ಕನೆ ನಕ್ಕಿದ್ದೆ.

ಎಪ್ಪತ್ತರ ದಶಕದ ಕೊನೆ. ನನಗಾಗ ಹದಿಮೂರು. ಸಿರುಗುಪ್ಪದ ಹತ್ತಿರದ ನಮ್ಮೂರಲ್ಲಿ ನನ್ನ ನೋವಿಗೆ ಹೆಸರೇ ಇರಲಿಲ್ಲ. ಎಲುಬಿನೊಳಗೆ ಮೊಳೆ ಹೊಡೆದಂತಾಗುತ್ತಿತ್ತು. ಅವ್ವ ಹರಕೆ ಹೊತ್ತಳು: ಪ್ರತಿ ಸೋಮವಾರ ಕೆಂಚನಗುಡ್ಡದ ಹೊಳೆಯಲ್ಲಿ ನನ್ನನ್ನು ಮುಳುಗಿಸಿ, ಒದ್ದೆ ಬಟ್ಟೆಯಲ್ಲೇ ಗುಡಿ ಸುತ್ತಿಸಿ, ಸಂಜೆತನಕ ಹನಿ ನೀರೂ ಬಾಯಿಗೆ ಬಿಡದೆ ಉಪವಾಸ ಇರಿಸುವುದು. ಮಂಗಳವಾರ ನೋವು ಇಮ್ಮಡಿಯಾಗುತ್ತಿತ್ತು. ಹರಕೆಯಲ್ಲಿ ಏನೋ ಲೋಪವಾಯಿತೆಂದು ಅವ್ವ ಮುಂದಿನ ವಾರ ಇನ್ನೊಂದು ಮುಳುಗು ಹೆಚ್ಚಿಸುತ್ತಿದ್ದಳು. ಪಾಪ, ಅವಳಿಗಾದರೂ ಏನು ಗೊತ್ತು!

ಕೊನೆಗೊಮ್ಮೆ ಉಸಿರೇ ಸಿಕ್ಕಿಕೊಂಡಾಗ ಬಳ್ಳಾರಿಯ ಆಸ್ಪತ್ರೆಗೆ ಹೊತ್ತು ತಂದರು. ಡಾಕ್ಟರಮ್ಮ ನನ್ನ ರಕ್ತ ಪರೀಕ್ಷಿಸಿ, ಅವ್ವನನ್ನೂ ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು.

"ದುಂಡಗ ಇರಬೇಕಾದ ರಕ್ತದ ಕಣ ಕುಡಗೋಲಿನಂಗ ಬಾಗ್ಯಾವ ನೋಡವ್ವ. ಬಾಗಿದ್ದಷ್ಟ ಅಲ್ಲ, ರಕ್ತನಾಳದ ಗ್ವಾಡಿಗೆ ಅಂಟ್ಕೊಂತಾವ ಅಂತ ನನಗ ಅನ್ನಿಸ್ತೈತಿ, ನುಚ್ಚು ತಳ ಹತ್ತಿದಂಗ. ಥಂಡಿ ಹತ್ತಿದ್ರ, ಮೈಯಾಗ ನೀರು ಕಡಿಮಿ ಆದ್ರ ಇನ್ನೂ ಜಾಸ್ತಿ."

ಅವ್ವ ಅಲ್ಲೇ ಕುಸಿದು ಕೂತಳು. "ಹಂಗಾರ ನಾನ ನನ್ನ ಮಗಳನ್ನ ಕೊಲ್ಲಾಕತ್ತಿದ್ನೇನ್ರಿ? ಈಗ ಹರಕಿ ಬಿಟ್ರ ದೇವ್ರು ಸುಮ್ನಿರ್ತಾನೇನ್ರಿ?"

ಬೇರೆಯವರಾಗಿದ್ದರೆ ಬೈದು ಕಳಿಸುತ್ತಿದ್ದರು. ಡಾಕ್ಟರಮ್ಮ ನೆಲದ ಮೇಲೆ ಅವ್ವನ ಪಕ್ಕದಲ್ಲೇ ಕೂತರು. "ಹರಕಿ ಬಿಡಬ್ಯಾಡ. ಹೊಳಿ ನೀರು ಮೈಮ್ಯಾಲೆ ಬ್ಯಾಡ, ಹೊಟ್ಟಿಗೆ ಹಾಕು. ಕುದಿಸಿ, ಬೆಚ್ಚಗ ಮಾಡಿ, ದಿನಾ ಕುಡಿಸು. ಅದೂ ದೇವರ ನೀರ ಅಲ್ಲೇನು?"

ಅಂದಿನಿಂದ ಅವ್ವ ಚೊಂಬು ಹಿಡಿದು ನನ್ನ ಬೆನ್ನು ಹತ್ತಿದಳು. ಅಬ್ಬಬ್ಬಾ, ಆ ಕಾಟ! ನೋವು ಪೂರ್ತಿ ಬಿಡಲಿಲ್ಲ. ಆದರೆ ಅಪರೂಪವಾಯಿತು, ನಾನು ಮತ್ತೆ ಶಾಲೆಗೆ ಹೋದೆ.

ಬಳ್ಳಾರಿಯ ಸತ್ಯನಾರಾಯಣಪೇಟೆಯ ಅವರ ಮನೆಗೆ ಹೋದಾಗಲೆಲ್ಲ "ಹೆಂಗದೀ?" ಎನ್ನುವ ಮೊದಲು "ನೀರು ಕುಡಿದೇನು?" ಎನ್ನುತ್ತಿದ್ದರು. ಎಂಬತ್ತರ ದಶಕದಲ್ಲಿ ಒಮ್ಮೆ ಯಾವುದೋ ಹೊರದೇಶದ ವೈದ್ಯಪತ್ರಿಕೆ ಎತ್ತಿ ಹಿಡಿದು ಸಣ್ಣ ಹುಡುಗಿಯಂತೆ ಕೂಗಿದರು: "ಲೇ, ಅಂಟ್ಕೊಳ್ಳೂದು ಖರೇ ಐತಂತ! ಇನ್ನ ಅಂಟು ಬಿಡಿಸೋ ಔಷಧಿ ಹುಡುಕ್ತಾರ. ಅಷ್ಟೊತ್ತಿಗೆ ನಾ ಇರೂದಿಲ್ಲ. ನೀ ಇರಬೇಕು ನೋಡು."

ಎಷ್ಟೋ ವರ್ಷಗಳ ಮೇಲೆ, ಅವರು ಹಾಸಿಗೆ ಹಿಡಿದರೆಂದು ತಿಳಿದು ಸಿರುಗುಪ್ಪದಿಂದ ಬಸ್ಸು ಹತ್ತಿದೆ. ದಾರಿಯಲ್ಲಿ ಹೆಂಗಸರು ಮೂತ್ರಕ್ಕೆಂದು ಎಲ್ಲಿ ಇಳಿಯಬೇಕು? ಅದಕ್ಕೇ ನಮ್ಮ ಕಡೆಯ ಹೆಂಗಸರೆಲ್ಲ ಮಾಡುವಂತೆ ನಾನೂ ಬೆಳಿಗ್ಗೆಯಿಂದ ನೀರು ಮುಟ್ಟಿರಲಿಲ್ಲ. ಡಾಕ್ಟರಮ್ಮ ಮಲಗಿದ್ದಲ್ಲಿಂದಲೇ ನನ್ನತ್ತ ತಿರುಗಿದರು. ಆ ಅರ್ಧ ಮುಚ್ಚಿದ ಕಣ್ಣು ನನ್ನ ಒಣಗಿದ ತುಟಿ ನೋಡಿತು.

"ಕುಡಿದಿಲ್ಲ," ಎಂದರು.

ತಮಗೆಂದು ಇಟ್ಟಿದ್ದ ಬೆಚ್ಚನೆಯ ನೀರಿನ ಲೋಟವನ್ನು ನನ್ನತ್ತ ಸರಿಸಿದರು. ನಾನು ಅಳುತ್ತಲೇ ಕುಡಿದೆ. ಲೋಟ ಬರಿದಾಗುವತನಕ ನೋಡುತ್ತಿದ್ದರು.

ಆ ವಾರವೇ ತೀರಿಕೊಂಡರು. ಅಂಟು ಬಿಡಿಸುವ ಔಷಧಿಯ ಹುಡುಕಾಟ ಇನ್ನೂ ನಡೆದೇ ಇದೆಯಂತೆ. ನಾನಂತೂ ಇದ್ದೇನೆ, ಡಾಕ್ಟರಮ್ಮಾ.