ತಡವಾಗಿ ನಗುವವಳು

ಸರೋಜಳಿಗೆ ಇಂಗ್ಲೆಂಡಿನಲ್ಲಿ ಕೆಲಸ ಕೊಡಿಸಿದ್ದು ಸತ್ತವಳೊಬ್ಬಳ ನಗು ಎಂದು ಕಡಯಂಪಟ್ಟಿಯ ಬಸ್ ನಿಲ್ದಾಣದಿಂದ ಹಿಡಿದು ಧರ್ಮಪುರಿಯ ನನ್ನ ಸೋದರತ್ತೆಯ ಅಡುಗೆಮನೆಯವರೆಗೆ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಾಲೇಜಿನ ಮೂರು ವರ್ಷ, ವಿಷಯ ಯಾವುದೇ ಇರಲಿ, ವಿರೋಧಪಕ್ಷದಲ್ಲೇ ನಿಂತು ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆದ್ದವಳು ನಾನು. ಸಾರಿಗೆ ಉಪ್ಪು ಸರಿಯಾಗಿದೆ ಎಂದರೂ ‘ಅದಕ್ಕೆ ಆಧಾರವೇನು’ ಎಂದು ಕೇಳಿ ಮನೆಮಂದಿಯಿಂದ ಬೈಸಿಕೊಂಡವಳು. ಆದ್ದರಿಂದ ಓದುಗರೇ, ಆ ನಗುವನ್ನು ಮೊದಲು ಸಾಕ್ಷಿಕಟ್ಟೆಗೆ ಕರೆಯೋಣ.

ಕಡಯಂಪಟ್ಟಿಯ ಒಂದು ಸಬ್ಬಕ್ಕಿ ಗೋದಾಮಿನ ಮಹಡಿಯ ಮೇಲೆ ನಾನು ಇಂಗ್ಲಿಷ್ ಮಾತುಗಾರಿಕೆ ಕಲಿಸುತ್ತೇನೆ. ಕೆಳಗಿನಿಂದ, ಸಬ್ಬಕ್ಕಿಯಾಗುವ ಮರಗೆಣಸಿನ ಹುಳಿವಾಸನೆ ಏರಿ ಬಂದು ಪಾಠದ ನಡುವೆ ಕೂರುತ್ತದೆ. ಪಠ್ಯಪುಸ್ತಕದ ಇಂಗ್ಲಿಷಿಗೆ ಉಸಿರಿಲ್ಲವೆಂದು ಯಾರನ್ನೂ ಕೇಳದೆ ತೀರ್ಪುಕೊಟ್ಟುಕೊಂಡ ನಾನು, ಬ್ರಿಟನ್ನಿನ ಹಳೆಯ ಕಪ್ಪುಬಿಳುಪು ಹಾಸ್ಯಪ್ರಹಸನಗಳ ತುಣುಕುಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿ, ಹುಡುಗಿಯರಿಂದ ಅವನ್ನು ಸಾಲುಸಾಲಾಗಿ ಬಾಯಿಪಾಠ ಮಾಡಿಸುತ್ತೇನೆ. ನಮ್ಮ ಅಚ್ಚುಮೆಚ್ಚಿನ ತುಣುಕಿನಲ್ಲಿ, ರೈಲಿನಲ್ಲಿ ಮರೆತ ಕೊಡೆಯನ್ನು ಕೇಳಲು ಒಬ್ಬಾತ ಕಳೆದ ವಸ್ತುಗಳ ಕಚೇರಿಗೆ ಬರುತ್ತಾನೆ. ಗುಮಾಸ್ತ ಅತ್ಯಂತ ವಿನಯದಿಂದ ಅವನನ್ನೇ ಕಳೆದ ವಸ್ತುವೆಂದು ಬರೆದುಕೊಂಡು, ಕೊರಳಿಗೆ ಚೀಟಿ ಕಟ್ಟಿ, ಕಪಾಟಿನಲ್ಲಿ ಕೂರಿಸಿಬಿಡುತ್ತಾನೆ.

ಪ್ರತಿ ಮಾತಿಗೂ ಕಣ್ಣಿಗೆ ಕಾಣದ ಸಭಿಕರು ನಗುತ್ತಾರೆ. ಆ ನಗೆ ಧ್ವನಿಮುದ್ರಣವಾಗಿ ಅರ್ಧ ಶತಮಾನವೇ ದಾಟಿರಬೇಕು. ನಕ್ಕವರಲ್ಲಿ ಹೆಚ್ಚಿನವರು ಈಗ ಮಣ್ಣಿನಡಿ ಮಲಗಿದ್ದಾರೆ. ನಗು ಮಾತ್ರ ದಿನವೂ ನಾಲ್ಕೂವರೆಗೆ ನಮ್ಮ ಗೋದಾಮಿಗೆ ತಪ್ಪದೆ ಹಾಜರಾಗುತ್ತದೆ. ಅವರಲ್ಲೊಬ್ಬಳು, ಉಳಿದವರೆಲ್ಲ ನಕ್ಕು ಮುಗಿಸಿ ಸುಮ್ಮನಾದ ಮೇಲೆ, ನಡುವೆ ಒಂದು ಬಿಕ್ಕಳಿಕೆ ಸೇರಿಸಿ ಒಂಟಿಯಾಗಿ ನಗುತ್ತಾಳೆ. ಹುಡುಗಿಯರು ಅವಳಿಗೆ ನಿಧಾನಮ್ಮ ಎಂದು ಹೆಸರಿಟ್ಟರು. ಯಾರಾದರೂ ಸಾಲು ಮರೆತು ತಡವರಿಸಿದರೆ ಹಿಂದಿನ ಬೆಂಚಿನಿಂದ ತಪ್ಪದೆ ಕುಟುಕು ಬರುತ್ತಿತ್ತು: “ಲೇ, ಬೇಗ ಯೋಳಲೇ, ನಿಧಾನಮ್ಮ ಕಾಯ್ತಾವಳೆ!”

ಸರೋಜ ಕುರಿ ಸಾಕುವ ಮನೆಯವಳು, ನರ್ಸಿಂಗ್ ಮುಗಿಸಿದ್ದಳು, ಮನೆಯಲ್ಲಿ ಕನ್ನಡ, ರಸ್ತೆಗಿಳಿದರೆ ತಮಿಳು. ಇಂಗ್ಲೆಂಡಿನ ವೃದ್ಧಾಶ್ರಮವೊಂದರಲ್ಲಿ ಆರೈಕೆಯ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಫೋನಿನಲ್ಲಿ ಸಂದರ್ಶನ, ಒಟ್ಟು ಮೂರೇ ಅವಕಾಶ. ಎರಡರಲ್ಲಿ ಬಿದ್ದಾಗಿತ್ತು. ಎರಡು ಸಲವೂ ಬಂದ ಕಾರಣ ಒಂದೇ: ಅಭ್ಯರ್ಥಿ ಒಂದು ವಾಕ್ಯ ಹೇಳಿ ನಿಂತುಬಿಡುತ್ತಾಳೆ.

ತಪ್ಪು ಯಾರದೆಂದು ಹುಡುಕಹೊರಟ ನಾನು ಸುತ್ತುಬಳಸಿ ನನ್ನ ಮೇಜಿಗೇ ಬಂದು ತಲುಪಿದೆ. ಅವಳು ಪ್ರಹಸನದ ಮಾತುಗಳ ಜೊತೆಗೆ ನಗೆಯ ಜಾಗಗಳನ್ನೂ ಬಾಯಿಪಾಠ ಮಾಡಿದ್ದಳು. ಒಂದು ವಾಕ್ಯ, ನಗೆಗೆ ಬಿಡುವು, ಮತ್ತೊಂದು ವಾಕ್ಯ: ಇಂಗ್ಲಿಷ್ ಎಂದರೆ ಹೀಗೆಂದು ಅವಳ ನಾಲಿಗೆ ನಂಬಿತ್ತು. ನಿಲ್ಲಬೇಡ ಎಂದು ನಾನು ಗದರಿದರೆ ಅವಳದು ಬೇರೆಯದೇ ವಾದ.

“ಊಂ ಅನ್ನೋರು ಇಲ್ದಿದ್ರೆ ಮಾತು ಎಂಗಕ್ಕಾ ಮುಂದಕ್ ಓಗ್ತೈತೆ? ನಮ್ಮಜ್ಜಿ ಕತೆ ಯೋಳೋವಾಗ ಒಬ್ರು ಊಂ ಅಂತ್ಲೇ ಇರ್ಬೇಕು. ಊಂ ಅನ್ನೋರು ಮಲಿಕೊಂಡ್ರೆ ಕತೆ ಅಲ್ಲಿಗೇ ನಿಲ್ಸ್‌ಬುಡ್ಬೇಕು.”

“ನಿಲ್ಲಿಸದಿದ್ದರೆ?”

“ಇನ್ನೇನೋ ಬಂದು ಊಂ ಅಂತೈತೆ.”

ಅವಳು ಇದನ್ನು, ಮಜ್ಜಿಗೆ ಮುಚ್ಚದಿದ್ದರೆ ನೊಣ ಬೀಳುತ್ತದೆ ಎಂಬಷ್ಟು ಸಲೀಸಾಗಿ ಹೇಳಿದಳು. ನನ್ನಲ್ಲಿ ಏಳು ಆಕ್ಷೇಪಣೆಗಳು ಸಿದ್ಧವಿದ್ದವು. ಆದರೆ ಅಂಥ ಕತೆಗಳಿಗೆ ನಾನೂ ಊಂಗುಟ್ಟಿ ಬೆಳೆದವಳೇ.

ಮೂರನೆಯ ಸಂದರ್ಶನ ಒಂದು ಮಧ್ಯಾಹ್ನ. ಗೋದಾಮಿಗೆ ರಜೆ, ಮಹಡಿಯ ಮೇಲೆ ಸರೋಜ ಮತ್ತು ನಾನು, ಇಬ್ಬರೇ. ಅವಳ ಫೋನು ಮೇಜಿನ ಮೇಲೆ, ಸ್ಪೀಕರಿನಲ್ಲಿ. ನನ್ನದು ಆರಿಸಿ ಚೀಲದಲ್ಲಿ. ಲ್ಯಾಪ್‌ಟಾಪು ಬೀಗ ಹಾಕಿದ ಬೀರುವಿನಲ್ಲಿ. “ಬಯಮಾ ಐತೆ ಅಕ್ಕಾ,” ಎಂದಳು. ಇದೂ ತಪ್ಪಿದರೆ ಅರ್ಜಿ ರದ್ದು.

ವೃದ್ಧರನ್ನು ನೋಡಿಕೊಳ್ಳುವುದು ಯಾಕೆ ಇಷ್ಟ ಎಂದು ಆ ಕಡೆಯ ಹೆಂಗಸು ಕೇಳಿದಳು. ಸರೋಜ ಒಂದು ವಾಕ್ಯ ಹೇಳಿದಳು: ನಮ್ಮಜ್ಜಿ ನನಗಿಂತ ಕುರಿಗಳ ಮಾತನ್ನೇ ಹೆಚ್ಚು ಕೇಳುತ್ತಾರೆ. ಹೇಳಿ, ನಿಂತಳು. ನಾನು ಕಣ್ಣು ಮುಚ್ಚಿಕೊಂಡೆ. ಒಂದು ಕ್ಷಣ, ಎರಡು ಕ್ಷಣ. ಆಗ ಯಾರೋ ನಕ್ಕರು. ತಡವಾಗಿ, ಒಂಟಿಯಾಗಿ, ನಡುವೆ ಒಂದು ಬಿಕ್ಕಳಿಕೆಯೊಂದಿಗೆ.

ಸರೋಜಳ ಮುಖ ದೀಪ ಹಚ್ಚಿದಂತಾಯಿತು. ಆಮೇಲೆ ಅವಳು ಕಟ್ಟೆಯೊಡೆದ ಕೆರೆಯಂತೆ ಮಾತಾಡಿದಳು. ಅಜ್ಜಿಯ ಮಂಡಿನೋವು, ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿದ್ದು, ಎಲ್ಲವನ್ನೂ ಇಂಗ್ಲಿಷಿನಲ್ಲಿ, ನಡುನಡುವೆ ಬಿಡುವು ಕೊಟ್ಟು. ಕೊನೆಗೆ ಆ ಹೆಂಗಸು ಸೌಜನ್ಯದಿಂದ ಕೇಳಿದಳು, ನಿನ್ನ ಪಕ್ಕದಲ್ಲಿ ನಗುತ್ತಿರುವ ಅಜ್ಜಿ ಯಾರು, ನನಗೂ ನಗು ತಡೆಯಲಾಗಲಿಲ್ಲ, ಎಂದು. ನಗು ಅವಳ ಕಡೆಯದೆಂದು ನಾವು ತಿಳಿದಿದ್ದೆವು. ಅವಳೋ ತನ್ನ ಮನೆಯಲ್ಲಿ ಒಬ್ಬಳೇ ಕೂತಿದ್ದೇನೆಂದಳು. ಕೆಲಸ ಸಿಕ್ಕಿತು.

ಊರಿಗೆ ಇಷ್ಟು ಸಾಕಾಯಿತು. ನನಗೆ ಸಾಲದು. ಸರೋಜಳ ಫೋನಿನಲ್ಲಿ ಆ ತುಣುಕು ಇರಬಹುದೇ? ನೋಡಿದೆ, ಇರಲಿಲ್ಲ. ಫೋನ್ ಕರೆಗಳು ಅಡ್ಡಹಾಯ್ದು ಮೂರನೆಯವರ ದನಿ ನುಗ್ಗಿರಬಹುದೇ? ಇರಬಹುದು, ನುಗ್ಗಿದವರು ಸರಿಯಾಗಿ ನಗೆಯ ಜಾಗಕ್ಕೇ ಬಂದರೆಂಬುದನ್ನು ಬಿಟ್ಟರೆ ವಾದ ಗಟ್ಟಿಯಾಗಿದೆ. ಒಂದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ: ಅಷ್ಟು ವರ್ಷ ವೇದಿಕೆಯಲ್ಲಿ ಗುಡುಗಿದ ನನಗೆ ಸಮಯ ಮುಗಿಯಿತೆಂದು ಗಂಟೆ ಬಾರಿಸಿದವರು ಬೇಕಾದಷ್ಟು ಜನ, ಊಂ ಎಂದವರು ಒಬ್ಬರೂ ನೆನಪಿಗೆ ಬರುವುದಿಲ್ಲ. ಊಂ ಎನ್ನುವವರಿಗಾಗಿ ನಾನು ಒಮ್ಮೆಯೂ ಮಾತು ನಿಲ್ಲಿಸಿರಲಿಲ್ಲ.

ಕಳೆದ ವಾರ ಸರೋಜ ಅಲ್ಲಿಂದ ಧ್ವನಿಸಂದೇಶ ಕಳಿಸಿದಳು. “ಅಕ್ಕಾ, ಕೆಲ್ಸಕ್ಕೆ ಸೇರ್ಕೊಂಡೆ,” ಎಂದು ಹೇಳಿ, ರೂಢಿಯಂತೆ ನಿಂತಳು. ಆ ಬಿಡುವಿನಲ್ಲಿ, ಹತ್ತಿರದಿಂದಲೇ, ಅದೇ ನಗು. ವೃದ್ಧಾಶ್ರಮ ತಾನೇ, ಅಂದು ಪ್ರಹಸನದ ಚಿತ್ರೀಕರಣ ನೋಡಲು ಹೋಗಿದ್ದ ಹುಡುಗಿಯೊಬ್ಬಳು ಇಂದು ಅಲ್ಲಿ ಮುದುಕಿಯಾಗಿ ಕೂತಿರಬಾರದೇಕೆ, ವಯಸ್ಸಿನ ಲೆಕ್ಕ ಹೊಂದುತ್ತದೆ ಎಂದು ನನ್ನೊಳಗಿನ ವಿರೋಧಪಕ್ಷ ಎದ್ದು ನಿಂತಿತು. ಸರಿಯೇ. ಆದರೆ ಆ ಮಧ್ಯಾಹ್ನ ಗೋದಾಮಿನ ಮಹಡಿಯಲ್ಲಿ?

ಊರಿನ ಕತೆಯನ್ನು ನಾನು ಈಗಲೂ ಒಪ್ಪಿಲ್ಲ. ಪಾಠ ಮಾಡುವಾಗ ಮಾತ್ರ ವಾಕ್ಯದ ಕೊನೆಯಲ್ಲಿ ನಾನೂ ತುಸು ನಿಲ್ಲುತ್ತೇನೆ, ಹುಡುಗಿಯರು ಅತ್ತಿತ್ತ ನೋಡುತ್ತಾರೆ. ನಿನ್ನೆ ಸರೋಜಳಿಗೆ ಧ್ವನಿಸಂದೇಶದಲ್ಲೇ ಒಂದು ಪ್ರಶ್ನೆ ಕಳಿಸಿದೆ. ಅವಳು ಅದನ್ನು ಕೇಳಿದ್ದಾಳೆಂದು ಫೋನು ತೋರಿಸುತ್ತಿದೆ, ಉತ್ತರ ಬಂದಿಲ್ಲ.

“ಸರೋಜಾ, ಅವತ್ತು ಒಂದು ಮಾತು ಯೋಳಿ ಸುಮ್ನೆ ನಿಂತ್ಕೊಂಡ್ಯಲ್ಲಾ, ಅವ್ಳು ಬತ್ತಾಳೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?”