ಮೂರನೆಯ ಉಸಿರು

ವಿಮಾನ ಹಾರಿಸುವುದನ್ನು ಕಲಿಸಿದವರು ಬಹಳ ಮಂದಿ ಇದ್ದಾರೆ. ಆದರೆ ಯಾವ ಹುಡುಗ ಯಾವ ವಿಮಾನಕ್ಕೆ ತಕ್ಕವನು ಎಂದು ಕಣ್ಣು ಮುಚ್ಚಿ ಹೇಳಬಲ್ಲವರು ಬೆರಳೆಣಿಕೆಯಷ್ಟು. ಆ ಬೆರಳುಗಳಲ್ಲಿ ಹೆಬ್ಬೆರಳೆನಿಸಿದವರು ಈಗ ನಿವೃತ್ತರಾಗುತ್ತಿರುವ ನಮ್ಮ ‘ಉಸಿರು ಮೇಷ್ಟ್ರು’. ಸೇನೆಯ ಹಾರಾಟದ ಶಾಲೆಯಲ್ಲಿ ಮೂರು ದಶಕಗಳ ಕಾಲ ವಿಮಾನದ ಹಿಂದಿನ ಆಸನದಲ್ಲಿ ಕುಳಿತು, ಮುಂದೆ ಕುಳಿತ ಮಕ್ಕಳ ಬೆನ್ನನ್ನೇ ನೋಡುತ್ತ ಅವರ ಮುಂದಿನ ಬದುಕನ್ನು ಓದಿದವರು ಅವರು.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ಮೊದಲ ಹಂತದ ತರಬೇತಿಯಲ್ಲಿ ಎಲ್ಲರೂ ಹಾರಿಸುವುದು ಒಂದೇ ಬಗೆಯ ವಿಮಾನವನ್ನು. ಅದು ಮುಗಿದ ಮೇಲೆ ದಾರಿ ಮೂರಾಗಿ ಒಡೆಯುತ್ತದೆ: ಒಂಟಿ ಆಸನದ ಯುದ್ಧವಿಮಾನ, ಹಲವರು ಕೂಡಿ ನಡೆಸುವ ಸಾಗಣೆ ವಿಮಾನ, ಇಲ್ಲವೇ ಹೆಲಿಕಾಪ್ಟರು. ವಿದ್ಯಾರ್ಥಿಯ ಆಸೆ, ಅವನು ಪಡೆದ ಅಂಕ, ಆ ವರ್ಷ ಎಲ್ಲೆಲ್ಲಿ ಎಷ್ಟು ಜಾಗ ಖಾಲಿ ಇದೆ ಎಂಬ ಲೆಕ್ಕ, ಕಡೆಯದಾಗಿ ಕಲಿಸಿದವರ ಮಾತು, ಇವಿಷ್ಟೂ ಕೂಡಿ ಹಂಚಿಕೆ ಆಗುತ್ತದೆ. ಮೊದಲ ಮೂರು ಎಲ್ಲರ ಕಣ್ಣಿಗೂ ಬೀಳುವಂಥವು. ನಾಲ್ಕನೆಯದು ಮೇಷ್ಟ್ರ ಕಿವಿಯಲ್ಲಿತ್ತು.

ಹಾರುವಾಗ ಇಬ್ಬರೂ ಮೂಗು ಬಾಯಿ ಮುಚ್ಚುವ ಮಾಸ್ಕು ಹಾಕಿರುತ್ತಾರೆ. ಮಾಸ್ಕಿನೊಳಗಿನ ಮೈಕು ಸದಾ ತೆರೆದಿರುವುದರಿಂದ ಒಬ್ಬರ ಉಸಿರು ಇನ್ನೊಬ್ಬರ ಕಿವಿಗೆ ಬೀಳುತ್ತಲೇ ಇರುತ್ತದೆ. ಉಳಿದವರು ಅದನ್ನು ಫ್ಯಾನಿನ ಸದ್ದಿನಂತೆ ಮರೆತುಬಿಡುತ್ತಿದ್ದರು, ಮೇಷ್ಟ್ರು ಕೇಳುತ್ತಿದ್ದರು. ಬಾಯಿ ಸುಳ್ಳು ಹೇಳಿದರೂ ಉಸಿರು ಹೇಳದು ಎಂಬುದು ಅವರ ನಂಬಿಕೆ. ಹಾರಿದಾಗಲೆಲ್ಲ ವಾಂತಿ ಮಾಡಿಕೊಳ್ಳುತ್ತಿದ್ದ ಒಬ್ಬ ಹುಡುಗನನ್ನು ಶಾಲೆಯಿಂದಲೇ ಕಳಿಸಿಬಿಡಬೇಕು ಎಂದು ಎಲ್ಲರೂ ತೀರ್ಮಾನಿಸಿದ್ದರು. ನೆಲಕ್ಕೆ ಹತ್ತಿರ ಬಂದಾಗ, ವೇಗ ತಗ್ಗಿದಾಗ, ಅವನ ಉಸಿರು ತೊಟ್ಟಿಲ ಮಗುವಿನ ಉಸಿರಿನಂತಾಗುವುದನ್ನು ಮೇಷ್ಟ್ರೊಬ್ಬರೇ ಗಮನಿಸಿದ್ದರು. “ಇವನನ್ನ ಹೆಲಿಕಾಪ್ಟರಿಗೆ ಕೊಡಿ, ಹೊಟ್ಟೆ ತಾನಾಗೇ ಸರಿಹೋಗುತ್ತೆ” ಎಂದು ಹಟ ಹಿಡಿದರು. ಪ್ರವಾಹದಲ್ಲಿ ಛಾವಣಿ ಹತ್ತಿ ಕುಳಿತವರನ್ನು ಹಗ್ಗದಲ್ಲಿ ಎತ್ತಿ ತರುವುದರಲ್ಲಿ ಇವತ್ತು ಅವನಿಗೆ ಸಮನಾದವರು ಕಡಿಮೆ. ಮನೆಯಲ್ಲಿ ಮೇಷ್ಟ್ರ ಫೋಟೋ ಇಟ್ಟುಕೊಂಡಿದ್ದಾನೆಂದು ಕೇಳಿ, “ಹಾರ ಗೀರ ಹಾಕಿಬಿಟ್ಟೀಯ ಕಣಪ್ಪ, ನಾನಿನ್ನೂ ಇದೀನಿ” ಎಂದು ಫೋನು ಮಾಡಿ ಬೈದರಂತೆ.

ಆದರೆ ಈ ಲೇಖನ ಬರೆಯಬೇಕಾದದ್ದು ಬೇರೊಂದು ಹಂಚಿಕೆಗಾಗಿ. ಇಷ್ಟು ದಿನ ಅದನ್ನು ಬಾಯಿಬಿಡುವ ಹಾಗಿರಲಿಲ್ಲ. ಈಗ ಕೇಳಿದಾಗ ಮೇಷ್ಟ್ರು ನಕ್ಕು, “ಬರೀರಿ. ಇನ್ನು ನನ್ನ ತಲೆ ಪರೀಕ್ಷೆ ಮಾಡಿಸೋ ಅಧಿಕಾರ ನನ್ನ ಹೆಂಡತಿಗೆ ಮಾತ್ರ” ಎಂದರು.

ಅವರ ಕೈಯಲ್ಲಿ ಪಳಗಿದವರಲ್ಲಿ ‘ಸಿಳ್ಳೆ’ ಎಂಬ ಅಡ್ಡಹೆಸರಿನ ಹುಡುಗನೊಬ್ಬನಿದ್ದ. ಚಿಕ್ಕಂದಿನಲ್ಲಿ ಚೆಂಡು ಬಡಿದು ಮೂಗಿನ ಮೂಳೆ ಸೊಟ್ಟಗಾಗಿತ್ತು. ಉಸಿರು ಒಳಗೆಳೆದಾಗಲೆಲ್ಲ ಕೊನೆಯಲ್ಲಿ ಸಣ್ಣಗೆ ಸಿಳ್ಳೆ ಕೇಳುತ್ತಿತ್ತು. ಆಕಾಶದಲ್ಲಿ ಅವನದು ಮೀನು ಈಜಿದ ಹಾಗೆ. ಮೇಷ್ಟ್ರೇ ಯುದ್ಧವಿಮಾನಕ್ಕೆ ಶಿಫಾರಸು ಮಾಡಿದರು. ಎರಡನೆಯ ವರ್ಷ ಅವನು ಸಮುದ್ರದ ಮೇಲೊಂದು ಮೋಡದೊಳಗೆ ಹೊಕ್ಕ, ಹೊರಬರಲಿಲ್ಲ. ವಿಮಾನದ ಒಂದು ಚೂರೂ ಸಿಗಲಿಲ್ಲ. ತಪ್ಪು ಯಾರದೂ ಅಲ್ಲವೆಂದು ವಿಚಾರಣೆ ಮುಗಿಯಿತು.

ಕೆಲವು ವರ್ಷಗಳ ಮೇಲೆ ಅದೇ ಹುಡುಗನ ತಂಗಿ ಅದೇ ಶಾಲೆಗೆ ಬಂದಳು, ಮೇಷ್ಟ್ರ ಪಾಲಿಗೇ ಬಂದಳು. ಬೇಗ ಕಲಿತಳು, ಎಲ್ಲರಿಗಿಂತ ಮೇಲಿನ ಅಂಕ ಪಡೆದಳು, ಕೇಳಿದ್ದು ಯುದ್ಧವಿಮಾನವನ್ನು. ಮೊದಲ ಹಾರಾಟದಲ್ಲೇ ಮೇಷ್ಟ್ರಿಗೆ ಆ ಸಿಳ್ಳೆ ಕೇಳಿಸಿತು. ಅಣ್ಣನದು ಚೆಂಡಿನ ಪೆಟ್ಟಿನಿಂದ ಬಂದದ್ದೆಂದು ಗೊತ್ತಿದ್ದರೂ, ಮನೆತನದ ಮೂಗು, ತಂಗಿಗೂ ಬಂದಿದೆ ಎಂದು ಸಮಾಧಾನ ಮಾಡಿಕೊಂಡರು. ಆದರೂ ಒಂದು ಸಲ ಅವಳ ಮಾಸ್ಕನ್ನು ರಿಪೇರಿಗೆ ಕೊಟ್ಟರು. ಆಮ್ಲಜನಕದ ಕೊಳವೆಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಸಾರ್, ಇದರಲ್ಲಿ ಸಿಳ್ಳೆ ಹೊಡಿಯೋಕೆ ಸೊಳ್ಳೆಗೂ ಜಾಗ ಇಲ್ಲ. ನಿಮ್ಮ ಕಿವಿ ತೋರಿಸ್ಕೊಳ್ಳಿ” ಎಂದು ವಾಪಸು ಕೊಟ್ಟ.

ಹಂಚಿಕೆಯ ಸಭೆ ಹತ್ತಿರವಾದಾಗ ಆ ಅಣ್ಣತಂಗಿಯರ ತಾಯಿ ಮೇಷ್ಟ್ರನ್ನು ಹುಡುಕಿಕೊಂಡು ಬಂದರು. ಹೊಲಿಗೆ ಕಲಿಸುವ ಹೆಂಗಸು. ಬೆರಳ ತುದಿಗಳಲ್ಲಿ ಸೂಜಿಯ ಗುರುತು. ಸಂದರ್ಶಕರ ಕೋಣೆಯಲ್ಲಿ ಚಹಾ ಮುಟ್ಟದೆ ಕುಳಿತು ಹೇಳಿದರು: “ಹಾರಬೇಡ ಅಂತ ನಾನು ಹೇಳಲ್ಲ ಮೇಷ್ಟ್ರೇ, ಹೇಳಿದ್ರೂ ಕೇಳೋ ಪೈಕಿ ಅಲ್ಲ ಅವಳು. ದೊಡ್ಡ ವಿಮಾನಕ್ಕೆ ಹಾಕಿಬಿಡಿ. ಅದರಲ್ಲಿ ನಾಲ್ಕು ಜನ ಇರ್ತಾರಂತಲ್ಲ. ಒಬ್ಬಳೇ ಇರಬಾರದು, ಅಷ್ಟೇ.”

“ಅವಳ ಆಸೆ ಬೇರೆ ಇದೆಯಲ್ಲಮ್ಮ.”

“ಅವನದೂ ಇತ್ತು.”

ಮೇಷ್ಟ್ರು ಬಾಗಿಲವರೆಗೆ ಹೋಗಿ ಬೀಳ್ಕೊಟ್ಟರು. ಒಂದು ಕಡೆ ಹುಡುಗಿಯ ದುಡಿಮೆ, ಇನ್ನೊಂದು ಕಡೆ ಆ ತಾಯಿ. ತಮ್ಮ ಒಂದು ಮಾತಿನಲ್ಲಿ ಇಬ್ಬರಲ್ಲೊಬ್ಬರ ಮನಸ್ಸು ಮುರಿಯುವುದು ಖಂಡಿತವಾಗಿತ್ತು. ಸಾಗಣೆ ವಿಮಾನಕ್ಕೇ ಹಾಕಿಬಿಡುವುದೆಂದು ಮುಕ್ಕಾಲು ಪಾಲು ನಿರ್ಧರಿಸಿಯೇ ಅವರು ಅವಳ ಕಡೆಯ ಪರೀಕ್ಷಾ ಹಾರಾಟಕ್ಕೆ ಹತ್ತಿದರು.

ಬೆಳಗಿನ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಮೇಲೆ ಹೋಗಿ ವಿಮಾನ ಒಂದೇ ಎತ್ತರದಲ್ಲಿ ಸಮವಾಗಿ ಸಾಗತೊಡಗಿದಾಗ ಸಿಳ್ಳೆ ಎಂದಿನಂತೆ ಬಂತು. ಮೇಷ್ಟ್ರು ಅವಳ ಮುಂದಿದ್ದ ಮಾಪಕಗಳನ್ನು ಓದಿ ಹೇಳಲು ತಿಳಿಸಿದರು. ಅವಳು ಎಂಜಿನ್ನಿನ ಶಾಖ, ಎಣ್ಣೆಯ ಒತ್ತಡ, ಇಂಧನ ಎಂದು ಒಂದೇ ಸಮನೆ ಹೇಳುತ್ತ ಹೋದಳು. ಅವಳ ಆ ಮಾತಿನ ನಡುವೆ, ಮಾತು ನಿಲ್ಲದಿದ್ದಾಗಲೇ, ಯಾರೋ ಉದ್ದಕ್ಕೆ ಉಸಿರು ಒಳಗೆಳೆದುಕೊಂಡರು. ಕೊನೆಯಲ್ಲಿ ಸಿಳ್ಳೆ.

ಮಾತಾಡುತ್ತಿರುವವರು ಅದೇ ಕ್ಷಣ ಉಸಿರು ಒಳಗೆಳೆಯಲು ಬರುವುದಿಲ್ಲ. ಮೇಷ್ಟ್ರು ತಮ್ಮ ಉಸಿರನ್ನು ಬಿಗಿ ಹಿಡಿದರು. ಸಿಳ್ಳೆ ಇನ್ನೊಮ್ಮೆ ಬಂತು, ಆತುರವಿಲ್ಲದೆ.

“ನಿನ್ನ ಮೂಗು ಯಾವಾಗಿಂದ ಹೀಗೆ ಸಿಳ್ಳೆ ಹೊಡೆಯುತ್ತಮ್ಮ?” ಎಂದು ಕೇಳಿದರು.

“ನನ್ನ ಮೂಗಾ? ಅದು ನಿಮ್ಮದಲ್ವಾ ಸಾರ್?”

“ನಂದಲ್ಲ.”

“ಮೊದಲ ದಿನದಿಂದ ಕೇಳಿಸ್ತಿದೆ ಸಾರ್. ಅಣ್ಣನ ಥರಾನೇ ಇದೆಯಲ್ಲ ಅಂದ್ಕೊಳ್ತಿದ್ದೆ. ನಿಮಗೂ ವಯಸ್ಸಾಯ್ತಲ್ಲ, ಅದಕ್ಕೇ ಅಂತ ಸುಮ್ಮನಿದ್ದೆ.”

ತಿಂಗಳುಗಟ್ಟಲೆ ಇವರು ಅವಳದೆಂದುಕೊಂಡಿದ್ದರು, ಅವಳು ಇವರದೆಂದುಕೊಂಡಿದ್ದಳು. ಎರಡೇ ಆಸನದ ವಿಮಾನದಲ್ಲಿ ಮೂರು ಉಸಿರು. ಮೇಷ್ಟ್ರ ಕಣ್ಣು, ಅಭ್ಯಾಸಬಲದಿಂದ, ಎತ್ತರ ತೋರಿಸುವ ಮುಳ್ಳಿನ ಮೇಲೆ ಹೋಯಿತು. ಅವಳ ಹಿಡಿತದಲ್ಲಿ ಮುಳ್ಳು ಕೂದಲೆಳೆಯಷ್ಟೂ ಅಲುಗಿರಲಿಲ್ಲ.

“ಇಳಿಸಲಾ ಸಾರ್?” ಎಂದಳು.

“ಪಾಠ ಮುಗಿದಿಲ್ಲ. ಒಂದು ಸುತ್ತು ಹಾಕು.”

ಅವಳು ಮೂತಿ ತಗ್ಗಿಸಿ ವೇಗ ಕೂಡಿಸಿಕೊಂಡು ಮೇಲಕ್ಕೆತ್ತಿ, ನೆಲ ತಲೆಯ ಮೇಲೆ ಬರುವಂತೆ ಪೂರ್ತಿ ಚಕ್ರ ಸುತ್ತಿಸಿದಳು. ಮೈಭಾರ ಹಲವು ಪಟ್ಟಾಗಿ ಆಸನಕ್ಕೆ ಒತ್ತುವ ಹೊತ್ತಿನಲ್ಲಿ ಉಸಿರು ಬಿಗಿಹಿಡಿದು ತುಸು ತುಸುವೇ ಬಿಡಬೇಕು, ಮೇಷ್ಟ್ರು ಎಲ್ಲರಿಗೂ ಕಲಿಸುತ್ತಿದ್ದುದೇ ಹಾಗೆ. ಅಂದು ಮೂರೂ ಉಸಿರು ಒಟ್ಟಿಗೆ ಬಿಗಿದು ಒಟ್ಟಿಗೆ ಬಿಟ್ಟವು. ಮೂರನೆಯವನು ಪಾಠ ಮರೆತಿರಲಿಲ್ಲ.

ಇಳಿದ ಮೇಲೆ ರೆಕ್ಕೆಯ ನೆರಳಿನಲ್ಲಿ ನಿಂತು ಮೇಷ್ಟ್ರು ಕೇಳಿದರು: “ಒಬ್ಬಳೇ ಹಾರಿದಾಗಲೂ ಇತ್ತಾ?”

“ಇರ್ಲಿಲ್ಲ ಸಾರ್. ಅದಕ್ಕೇ ನಿಮ್ಮದು ಅಂದ್ಕೊಂಡಿದ್ದು.”

“ಇಲ್ಲದೇ ಇದ್ದಾಗ ಏನನ್ನಿಸ್ತು?”

ಅವಳು ಹೆಲ್ಮೆಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಯೋಚಿಸಿದಳು. “ಮೊದಲನೇ ಸಲ ಒಂಥರಾ ಬಿಕೋ ಅನ್ನಿಸ್ತು. ಆಮೇಲೆ ಕೆಲಸ ಇತ್ತಲ್ಲ ಸಾರ್.”

ಆ ಒಂದು ಮಾತಿನಲ್ಲಿ ಮೇಷ್ಟ್ರ ಹೊಯ್ದಾಟ ಮುಗಿಯಿತು. ಸಭೆಯಲ್ಲಿ ಶಾಲೆಯ ಮುಖ್ಯಸ್ಥರು, “ತಾಯಿ ಬಂದು ಹೋದರಂತೆ, ಏನ್ರೀ ಮಾಡೋಣ?” ಎಂದಾಗ ಅವರು ಎದ್ದು ನಿಂತು, “ಒಬ್ಬಳೇ ಕೂರಬಲ್ಲಳು. ಯುದ್ಧವಿಮಾನ” ಎಂದಷ್ಟೇ ಹೇಳಿ ಕುಳಿತರು. ಸಿಳ್ಳೆಯ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ಗುರುಶಿಷ್ಯರಿಬ್ಬರೂ ಅಂದೇ ಮನೋವೈದ್ಯರ ಬಾಗಿಲಲ್ಲಿ ಸಾಲು ನಿಲ್ಲಬೇಕಿತ್ತು.

ಸುದ್ದಿಯನ್ನು ಬೇರೆಯವರ ಬಾಯಲ್ಲಿ ಕಳಿಸದೆ ತಾವೇ ಹೋಗಿ ತಾಯಿಗೆ ತಿಳಿಸಿದ್ದು ಮೇಷ್ಟ್ರ ದೊಡ್ಡತನ. ಹೊಲಿಗೆಯಂತ್ರಗಳ ನಡುವೆ ಸ್ಟೂಲಿನ ಮೇಲೆ ಕುಳಿತು ಎಲ್ಲವನ್ನೂ, ಆ ಉಸಿರನ್ನೂ, ಮುಚ್ಚುಮರೆಯಿಲ್ಲದೆ ಹೇಳಿದರು. ಬೈಗುಳಕ್ಕೆ ಸಿದ್ಧರಾಗಿಯೇ ಹೋಗಿದ್ದರು. ಆ ತಾಯಿ ಯಂತ್ರದ ಚಕ್ರವನ್ನು ಕೈಯಿಂದ ತಡೆದು ನಿಲ್ಲಿಸಿದರು.

“ಮೂಗು ಹಾಗೇ ಇದೆಯಾ ಇನ್ನೂ?” ಎಂದರು.

“ಹಾಗೇ ಇದೆ.”

“ಆಪರೇಷನ್ ಮಾಡಿಸೋಣ ಅಂದ್ರೆ ಕೇಳ್ತಿರ್ಲಿಲ್ಲ.” ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸುತ್ತ, “ಮನೇಲಿ ಕೇಳಿಸಲ್ಲ ಮೇಷ್ಟ್ರೇ. ನಾನೂ ಕಿವಿಗೊಟ್ಟು ನೋಡಿದೀನಿ. ನಿಮ್ಮ ಹತ್ರ ಇದ್ರೆ ಇರ್ಲಿ ಬಿಡಿ. ಅವಳು ಹೋಗ್ಲಿ, ಅವನನ್ನ ನೀವು ನೋಡ್ಕೊಳ್ಳಿ” ಎಂದು ಯಂತ್ರ ತುಳಿಯತೊಡಗಿದರು.

ಅವಳು ಹೋದ ಮೇಲೆ ಮೇಷ್ಟ್ರಿಗೆ ಆ ಸಿಳ್ಳೆ ಮತ್ತೆ ಕೇಳಿಸಲಿಲ್ಲ. ಪ್ರತಿ ಹಾರಾಟದಲ್ಲೂ ಒಂದು ಗಳಿಗೆ ತಮ್ಮ ಉಸಿರು ಹಿಡಿದು ಕಾಯುವುದು ಮಾತ್ರ ಅವರಿಗೆ ರೂಢಿಯಾಯಿತು. ಮುಂದಿನ ಆಸನದ ವಿದ್ಯಾರ್ಥಿಗಳು ಅದನ್ನು ಪರೀಕ್ಷೆಯೆಂದು ತಿಳಿದು ಇನ್ನಷ್ಟು ನೆಟ್ಟಗೆ ಕೂರುತ್ತಿದ್ದರು.

ಕಳೆದ ತಿಂಗಳು ಅವರ ಕಡೆಯ ಹಾರಾಟ. ಮುಂದಿನ ಆಸನದಲ್ಲಿ ಕೂರಲು ಅವಳೇ ಬಂದಳು. ಈಗ ಅವಳು ಯುದ್ಧವಿಮಾನಗಳ ತಂಡವೊಂದರ ಮುಖ್ಯಸ್ಥೆ. ಮೇಲೆ ಹೋಗಿ ವಿಮಾನ ಸಮವಾಗಿ ಸಾಗತೊಡಗಿದಾಗ ಇಬ್ಬರೂ ಮಾತು ನಿಲ್ಲಿಸಿದರು.

“ಕೇಳಿಸ್ತಿದೆಯಾ ಸಾರ್?”

“ಇಲ್ಲಮ್ಮ. ನಿನಗೆ?”

“ಇಲ್ಲ.”

ವಿಮಾನ ನೆಲಕ್ಕಿಳಿದು ನಿಂತಾಗ ಮೇಷ್ಟ್ರ ಮುಖ ಬಾಡಿತ್ತು. ಮಾಸ್ಕು ಹೆಲ್ಮೆಟು ಕಳಚಿ ಮೆಕ್ಯಾನಿಕ್ಕಿನ ಕೈಗೆ ಕೊಟ್ಟು, ಏಣಿಯ ಮೆಟ್ಟಿಲಿಳಿಯಲು ಅವಳ ಭುಜ ಹಿಡಿದುಕೊಂಡರು. ಆಗ ಅವರ ಮುಖ ಅವಳ ಕಿವಿಗೆ ಹತ್ತಿರ ಬಂತು. ಅವರ ಏದುಸಿರಿನ ಕೊನೆಯಲ್ಲಿ, ಮಾಸ್ಕಿಲ್ಲದ ಆ ನೆಟ್ಟನೆಯ ಮೂಗಿನಲ್ಲಿ, ಸಣ್ಣಗೆ ಸಿಳ್ಳೆ. ಅವಳು ಭುಜದ ಮೇಲಿದ್ದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಬೀಳ್ಕೊಡುಗೆಯ ಚಹಾಕೂಟದಲ್ಲಿ ಮೇಷ್ಟ್ರ ಹೆಂಡತಿ ಎಲ್ಲರೆದುರು ದೂರಿದರು: “ನೋಡಿ, ವೈದ್ಯರು ಮೂಗಲ್ಲಿ ಏನೂ ಇಲ್ಲ ಅಂತಾರೆ. ನಾನು ಕಟ್ಟಿಕೊಂಡಿದ್ದು ಒಬ್ಬರನ್ನ, ಈಗ ಗೊರಕೆ ಮಾತ್ರ ಇಬ್ಬರದು!” ಸಭೆಯೆಲ್ಲ ನಕ್ಕಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹೊಲಿಗೆ ಕಲಿಸುವ ಆ ತಾಯಿ ನಗಲಿಲ್ಲ. ಎದ್ದು ಬಂದು ಮೇಷ್ಟ್ರ ಪಕ್ಕದ ಕುರ್ಚಿಯಲ್ಲಿ ಕುಳಿತು, ಭಾಷಣಗಳು ಮುಗಿಯುವವರೆಗೂ ಕಣ್ಣು ಮುಚ್ಚಿ ಕೇಳುತ್ತಿದ್ದರು. ಭಾಷಣಗಳನ್ನಲ್ಲ.

ಮೇಷ್ಟ್ರಿಗೆ ಇನ್ನು ಬಿಡುವಿದೆ, ಕಲಿಸಬೇಕಾದದ್ದೂ ಉಳಿದಿದೆ. ಹೊಸ ಮಕ್ಕಳು ಅವರ ಮನೆಯ ಬಾಗಿಲು ತಟ್ಟುತ್ತಲೇ ಇರಲಿ. ಅವರ ಉಸಿರು ನೂರು ವರ್ಷ ಎಡೆಬಿಡದೆ ಸಾಗಲಿ. ಅವರು ಕಾಪಾಡಿಕೊಂಡು ಬಂದಿರುವ ಇನ್ನೊಂದೂ ಅದರ ಜೊತೆಗೇ ಸಾಗಲಿ.