ಎದುರಾಳಿಯ ಕಂಪ್ಯೂಟರ್ ರಿಪೇರಿಗೆ ಬಸ್ ಹತ್ತಿದ ಫರ್ಹಾನಾ

ಬೆಳಗಿನ ಐದೂಕಾಲು. ಹಿರಿಯೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಒಂದು ಅಂಗಡಿಯ ಶಟರ್ ಅರ್ಧಕ್ಕೆ ಎದ್ದಿದೆ. ಬಗ್ಗಿ ಒಳಹೊಕ್ಕರೆ ಮೊದಲು ಕಿವಿಗೆ ಬೀಳುವುದು ಸಣ್ಣ ಫ್ಯಾನುಗಳ ಸದ್ದು. ಗೋಡೆಯುದ್ದಕ್ಕೂ ಹೊಡೆದ ಹಲಗೆಯ ಮೇಲೆ ಆರು ಕಂಪ್ಯೂಟರುಗಳು ಓಡುತ್ತಿವೆ. ಒಂದಕ್ಕೂ ಹೊರಗಿನ ಡಬ್ಬವಿಲ್ಲ, ಮಾನಿಟರ್ ಇಲ್ಲ. ಫರ್ಹಾನಾ ಒಂದೊಂದರ ಮುಂದೆಯೂ ಅಂಗೈಯ ಹಿಂಬದಿ ಹಿಡಿದು ಎಷ್ಟು ಬಿಸಿಗಾಳಿ ಬರುತ್ತಿದೆ ಎಂದು ನೋಡುತ್ತಾರೆ. ನಾಲ್ಕನೆಯದರ ಹತ್ತಿರ ನಿಂತು ಬಣ್ಣ ಬಳಿಯುವ ಬ್ರಷ್ಷಿನಿಂದ ಫ್ಯಾನಿನ ಧೂಳು ಕೆಡವುತ್ತಾರೆ.

“ಇದು ಯಾಕೋ ಜಾಸ್ತಿ ಕಾಯ್ತೈತೆ. ಪಕ್ಕದಾಗೆ ತೆಂಗಿನಕಾಯಿ ಮಂಡಿ ಐತಲ್ಲ, ನಾರಿನ ಧೂಳೆಲ್ಲ ಬಂದು ಇದರಾಗೇ ಕುಂತ್ಕಳ್ತೈತೆ. ನೀವು ಕುಂತ್ಕಳ್ರಿ. ಆ ಸ್ಟೂಲ್ ಮೇಲಿಂದು ತೆಗೆದು ಈ ಕಡೆ ಇಡ್ರಿ, ಏನೂ ಆಗಲ್ಲ.”

ಸ್ಟೂಲಿನ ಮೇಲಿದ್ದ ಮದರ್‌ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು ಕೂರುತ್ತೇನೆ. ಅಂಗಡಿಗೆ ಗಿರಾಕಿಗಳು ಬರುವುದು ಹತ್ತರ ನಂತರ. ಹಾಗಾದರೆ ಇಷ್ಟು ಹೊತ್ತಿಗೇ ಯಾರ ಕೆಲಸ ಮಾಡುತ್ತಿವೆ ಈ ಯಂತ್ರಗಳು?

“ಕೊಳಕುಮಂಡಲದ ಕೆಲಸ,” ಎನ್ನುತ್ತಾರೆ ಫರ್ಹಾನಾ, ಬ್ರಷ್ಷು ಕೊಡವುತ್ತ. “ಆ ಹಾವಿನ ವಿಷಕ್ಕೆ ಯಾವ ಔಷಧಿ ಹೊಂದ್ತೈತೆ ಅಂತ ಲೆಕ್ಕ ಮಾಡ್ತಾ ಅವೆ.”

ನಲವತ್ತೇಳು ವರ್ಷದ ಫರ್ಹಾನಾ ಇಪ್ಪತ್ತೆರಡು ವರ್ಷಗಳಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದಾರೆ. ತಂದೆ ರಹಮತ್ ಉಲ್ಲಾ ಇದೇ ಅಂಗಡಿಯಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು. ಶಾಲೆಯಿಂದ ಬಂದ ಮಗಳು ಪಕ್ಕದಲ್ಲಿ ಕೂತು ಬೆಸುಗೆಯ ತಂತಿ ಹಿಡಿದುಕೊಡುತ್ತಿದ್ದಳು. ತಂದೆಯ ಕಣ್ಣು ಮಂಜಾದಾಗ ಬೆಸುಗೆಯ ಕಡ್ಡಿಯೇ ಅವಳ ಕೈಗೆ ಬಂತು. ರೇಡಿಯೋ ತರುವವರು ಕಡಿಮೆಯಾಗಿ ಕಂಪ್ಯೂಟರ್ ತರುವವರು ಶುರುವಾದರು. ಆದರೆ ಹೆಂಗಸಿನ ಕೈಗೆ ಕಂಪ್ಯೂಟರ್ ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರು.

“ಬಂದೋರೆಲ್ಲ ರಿಪೇರಿಯೋರು ಎಲ್ಲಿ ಅಂತ ಕೇಳೋರು. ನಾನೇ ಅಂದ್ರೆ ಹಂಗೇ ವಾಪಸ್ ತಗಂಡು ಹೋಗೋರು. ಆಮೇಲೆ ಒಂದು ಉಪಾಯ ಮಾಡಿದೆ. ಒಳಗೆ ಅವ್ರೆ, ಕೊಡ್ರಿ ಅಂತ ಇಸ್ಕಳ್ಳೋದು, ಪರದೆ ಹಿಂದೆ ಹೋಗಿ ನಾನೇ ಮಾಡೋದು, ಆಗೈತೆ ಅಂತ ಹೊರಗೆ ತಂದು ಕೊಡೋದು. ಒಂದೂವರೆ ವರ್ಷ ಹಿಂಗೇ ನಡೀತು. ಒಬ್ಬರು ಮಾಸ್ತರು, ಒಳಗಿರೋ ಸಾಹೇಬ್ರಿಗೆ ಕೊಡಮ್ಮ ಅಂತ ಹಬ್ಬಕ್ಕೆ ಸ್ವೀಟು ಬೇರೆ ತಂದಿದ್ರು!”

ಆ ಪರದೆ ಈಗಿಲ್ಲ. ದಿನಕ್ಕೆ ಐದಾರು ಕಂಪ್ಯೂಟರ್, ಲ್ಯಾಪ್‌ಟಾಪುಗಳು ಅವರ ಕೈ ಹಾಯುತ್ತವೆ. ಪತಿ ಇಮ್ರಾನ್ ಪಕ್ಕದ ಮಂಡಿಯಲ್ಲಿ ತೂಕದ ಕೆಲಸ ಮಾಡುತ್ತಾರೆ.

ಇದರ ನಡುವೆ ವಿಜ್ಞಾನಿಗಳ ಕೆಲಸ ಹೇಗೆ ಬಂತು? ಐದು ವರ್ಷದ ಹಿಂದೆ ಹೊಳಲ್ಕೆರೆಯ ಕಾಲೇಜು ಉಪನ್ಯಾಸಕಿ ನಾಗಶ್ರೀ ತಮ್ಮ ಲ್ಯಾಪ್‌ಟಾಪ್ ರಿಪೇರಿಗೆ ಇಲ್ಲಿಗೆ ಬಂದಿದ್ದರು. ರಿಪೇರಿಯಾದ ಯಂತ್ರಕ್ಕೆ ಪೂರ್ತಿ ಕೆಲಸ ಕೊಟ್ಟು ಒಂದು ದಿನ ಓಡಿಸಿ, ತಡೆಯುತ್ತದೆಯೇ ನೋಡಿ ಕೊಡುವುದು ಫರ್ಹಾನಾ ಅವರ ಪದ್ಧತಿ. ಅದಕ್ಕೆಂದೇ ಇರುವ ತಂತ್ರಾಂಶವೊಂದು ಯಂತ್ರದ ಕೈಯಲ್ಲಿ ಸುಮ್ಮನೆ ಗುಣಾಕಾರ, ಭಾಗಾಕಾರ ಮಾಡಿಸುತ್ತಿತ್ತು. ಆ ಉತ್ತರಗಳು ಯಾರಿಗೂ ಬೇಕಿರಲಿಲ್ಲ.

“ಹೇಗಿದ್ದರೂ ದುಡಿಸುತ್ತೀರಿ, ಉಪಯೋಗಕ್ಕೆ ಬರುವ ಲೆಕ್ಕವನ್ನೇ ಕೊಡಿ ಅಂದೆ,” ಎಂದು ನೆನೆಯುತ್ತಾರೆ ನಾಗಶ್ರೀ.

ಅವರು ಸೂಚಿಸಿದ ಯೋಜನೆಯ ಕ್ರಮ ಸರಳ. ದೂರದ ವಿಶ್ವವಿದ್ಯಾಲಯವೊಂದರ ಸಂಶೋಧಕರು ಕೊಳಕುಮಂಡಲದ ವಿಷದಲ್ಲಿರುವ ಪ್ರೋಟೀನನ್ನು ತಡೆಯುವ ವಸ್ತು ಹುಡುಕುತ್ತಿದ್ದಾರೆ. ಈಗಿನ ಔಷಧಿಯನ್ನು ಆಸ್ಪತ್ರೆಯಲ್ಲಿ ರಕ್ತನಾಳಕ್ಕೇ ಕೊಡಬೇಕು. ಅವರಿಗೆ ಬೇಕಿರುವುದು ಆಸ್ಪತ್ರೆ ಮುಟ್ಟುವ ಮೊದಲೇ ನುಂಗಿಸಬಹುದಾದ ಒಂದು ಮಾತ್ರೆ. ಪರೀಕ್ಷಿಸಬೇಕಾದ ವಸ್ತುಗಳು ಲಕ್ಷಗಟ್ಟಲೆ. ಆ ಲೆಕ್ಕವನ್ನು ಸಣ್ಣ ಸಣ್ಣ ತುಂಡು ಮಾಡಿ, ಒಪ್ಪಿದವರ ಕಂಪ್ಯೂಟರುಗಳಿಗೆ ಇಂಟರ್ನೆಟ್ ಮೂಲಕ ಹಂಚುತ್ತಾರೆ. ಮುಗಿಸಿದ ಪ್ರತಿ ತುಂಡಿಗೂ ಅಂಕ. ಅಂಕದಿಂದ ಬಹುಮಾನವಿಲ್ಲ, ಸರ್ಟಿಫಿಕೇಟೂ ಇಲ್ಲ. ಪಟ್ಟಿಯಲ್ಲಿ ಹೆಸರು ಮೇಲೆ ಕೆಳಗೆ ಆಗುತ್ತದೆ, ಅಷ್ಟೇ.

ನಾಗಶ್ರೀ ಕಟ್ಟಿದ ‘ದುರ್ಗದ ದಂಡು’ ಎಂಬ ತಂಡದಲ್ಲಿ ಈಗ ಮೂವತ್ತೊಂದು ಜನರಿದ್ದಾರೆ. ಸೇರುವಾಗ ಫರ್ಹಾನಾ ಹಳೆಯ ಅನುಭವದಿಂದ ಪೂರ್ತಿ ಹೆಸರು ಕೊಡದೆ, ಮೊದಲಕ್ಷರಗಳಲ್ಲಷ್ಟೇ ‘ಎಫ್‌ಕೆ ಹಿರಿಯೂರು’ ಎಂದು ಬರೆದರು. ಎರಡೇ ತಿಂಗಳಲ್ಲಿ ತಂಡದ ಮೊದಲ ಸ್ಥಾನಕ್ಕೆ ಏರಿದರು. ಮೂರನೇ ತಿಂಗಳು ಪಟ್ಟಿ ತೆಗೆದರೆ ಮೇಲೆ ಬೇರೊಂದು ಹೆಸರು ಕೂತಿತ್ತು: ‘ಹಟ್ಟಿ ತಿಮ್ಮ’.

“ಯಾರಪ್ಪ ಇವನು ಅಂತ ಹೊಟ್ಟೆ ಉರೀತು ನೋಡ್ರಿ. ಅವತ್ತೇ ಗುಜರಿಗೆ ಹಾಕಿದ್ದ ಎರಡು ಮಿಷನ್ ಎತ್ಕಂಡು ಸರಿ ಮಾಡಿ ಓಡಿಸಿದೆ.”

ಅಲ್ಲಿಂದ ಶುರುವಾದ ಪೈಪೋಟಿ ಇಂದಿಗೂ ನಡೆದಿದೆ. ಹಟ್ಟಿ ತಿಮ್ಮನ ಬಳಿ ಎರಡೇ ಯಂತ್ರ, ಆದರೆ ಎರಡೂ ಹೊಸವು, ವೇಗದವು. ಫರ್ಹಾನಾ ಅವರದು ಆರು, ಎಲ್ಲವೂ ಬೇರೆಯವರು ಬೇಡವೆಂದು ಬಿಟ್ಟುಹೋದ ಭಾಗಗಳಿಂದ ಎದ್ದವು. ತಂಡದ ವಾಟ್ಸ್ಆ್ಯಪ್ ಗುಂಪಿನಲ್ಲಿ ಇಬ್ಬರ ಕಾಲೆಳೆತ ಎಲ್ಲರಿಗೂ ಪರಿಚಿತ. ‘ಎಫ್‌ಕೆ ಸಾರ್, ಮಿಷನ್ ಎಲ್ಲ ಮಲಗಿದ್ವೇನು?’ ಎಂದು ಅವರು ಬರೆದರೆ, ‘ತಿಮ್ಮ ಅವರೆ, ಹಿಂದೆ ತಿರುಗಿ ನೋಡಿ, ಬಂದೆ’ ಎಂದು ಇವರು. ನಾಲ್ಕು ವರ್ಷ ಒಬ್ಬರನ್ನೊಬ್ಬರು ನೋಡಿರಲಿಲ್ಲ, ದನಿ ಕೇಳಿರಲಿಲ್ಲ.

ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಯೋಜನೆಯವರು ಹದಿನಾಲ್ಕು ದಿನಗಳ ಸ್ಪರ್ಧೆ ಇಡುತ್ತಾರೆ. ನಮ್ಮ ಕಡೆ ಏಪ್ರಿಲ್ ಎಂದರೆ ಯಂತ್ರಗಳಿಗೂ ಕಷ್ಟಕಾಲ. ಬಿಸಿಲೇರಿದ ಮೇಲೆ ಅಂಗಡಿಯ ತಗಡಿನ ಕೆಳಗೆ ಆರೂ ಓಡಿದರೆ ತಾವಾಗಿಯೇ ನಿಂತುಬಿಡುತ್ತವೆ. ಹಾಗಾಗಿ ಫರ್ಹಾನಾ ನಸುಕಿನಿಂದ ಹನ್ನೊಂದರವರೆಗೆ ಎಲ್ಲವನ್ನೂ, ಮಧ್ಯಾಹ್ನ ಎರಡನ್ನು ಮಾತ್ರ, ಸಂಜೆ ಐದರ ಮೇಲೆ ಮತ್ತೆ ಎಲ್ಲವನ್ನೂ ಓಡಿಸುತ್ತಾರೆ. ಒಳ್ಳೆಯ ದಿನ ನಲವತ್ತು ತುಂಡು ಮುಗಿಯುತ್ತದೆ, ಕರೆಂಟ್ ಕೈಕೊಟ್ಟ ದಿನ ಇಪ್ಪತ್ತೂ ಆಗುವುದಿಲ್ಲ. ಕರೆಂಟ್ ಬಿಲ್ಲಿನ ಬಗ್ಗೆ ಮನೆಯಲ್ಲಿ ಏನನ್ನುತ್ತಾರೆ ಎಂದರೆ ನಗುತ್ತಾರೆ. “ನಮ್ಮ ಯಜಮಾನ್ರಿಗೆ ಕ್ರಿಕೆಟ್ ಹುಚ್ಚು, ನಂಗೆ ಇದು. ಇಬ್ರೂ ಮಾತಾಡಲ್ಲ.”

ಕಳೆದ ವರ್ಷದ ಸ್ಪರ್ಧೆಯ ಒಂಬತ್ತನೇ ದಿನ ಹಟ್ಟಿ ತಿಮ್ಮ ಮುಂದಿದ್ದರು. ಆ ಸಂಜೆ ಅವರ ಅಂಕ ನಿಂತುಹೋಯಿತು. ಹತ್ತನೇ ದಿನ ಬೆಳಿಗ್ಗೆ ನೋಡಿದರೂ ಅದೇ ಸಂಖ್ಯೆ. ಮಧ್ಯಾಹ್ನ ಎಫ್‌ಕೆ ಹಿರಿಯೂರು ಮೊದಲ ಸ್ಥಾನಕ್ಕೆ ಬಂತು.

“ಬೆಳಿಗ್ಗೆ ಖುಷಿ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಮಧ್ಯಾಹ್ನ ಊಟ ಸೇರ್ಲಿಲ್ಲ. ಗುಂಪಿನಾಗೆ ‘ಏನ್ರಿ, ಸುಸ್ತಾದ್ರಾ’ ಅಂತ ಹಾಕಿದೆ. ಉತ್ತರ ಇಲ್ಲ. ಯಾವತ್ತೂ ಸುಮ್ಮನಿರೋ ಮನುಷ್ಯ ಅಲ್ಲ. ವಯಸ್ಸಾದೋರೋ, ಹುಷಾರಿಲ್ಲವೋ, ನಂಗೇನು ಗೊತ್ತು? ಸಂಜೆ ನಾಗಶ್ರೀ ಮೇಡಂ ಹತ್ರ ನಂಬರ್ ಇಸ್ಕಂಡು ಫೋನ್ ಮಾಡಿದೆ.”

ಎತ್ತಿದವರು ಹೊಸದುರ್ಗದ ದೊಡ್ಡತಿಮ್ಮಪ್ಪ, ಅರವತ್ತಮೂರು ವರ್ಷ, ಹೈಸ್ಕೂಲೊಂದರ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿ ನಿವೃತ್ತರಾದವರು. ವೋಲ್ಟೇಜ್ ಏರಿ ಎರಡೂ ಕಂಪ್ಯೂಟರ್ ಒಟ್ಟಿಗೆ ಸುಟ್ಟಿದ್ದವು. ಊರಿನ ರಿಪೇರಿಯವನೊಬ್ಬ ಒಳಗಿನದೆಲ್ಲ ಹೋಗಿದೆ, ಹೊಸದೇ ತಗೊಳ್ಳಿ ಎಂದಿದ್ದ. “ಸೋತೆ ಅಂತ ಗುಂಪಿನಾಗೆ ಬರಿಯಾಕೆ ಮನಸ್ಸು ಬರ್ಲಿಲ್ಲ,” ಎನ್ನುತ್ತಾರೆ ಅವರು. ಫೋನಿನಲ್ಲಿ ಹೆಂಗಸಿನ ದನಿ ಕೇಳಿ, ಎಫ್‌ಕೆ ಸಾರ್ ಅಂಗಡಿಯ ಕೆಲಸದವರಿರಬೇಕು ಎಂದುಕೊಂಡರಂತೆ.

ಫರ್ಹಾನಾ ಕೇಳಿದ್ದು ಒಂದೇ ಪ್ರಶ್ನೆ: ಸುಟ್ಟ ವಾಸನೆ ಕಂಪ್ಯೂಟರಿನ ಹಿಂದಿನಿಂದ ಬಂತೋ, ಮಧ್ಯದಿಂದ ಬಂತೋ? ಹಿಂದಿನಿಂದ ಎಂದು ಉತ್ತರ ಬಂತು. ಹಿಂದೆ ಇರುವುದು ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆ. ಅದೊಂದು ಬದಲಾಯಿಸಿದರೆ ಉಳಿದದ್ದು ಬದುಕಿರಬಹುದು. ಆದರೆ ಅಷ್ಟು ಶಕ್ತಿಯ ಪೆಟ್ಟಿಗೆ ಅಂಗಡಿಯಲ್ಲಿ ಹೆಚ್ಚುವರಿ ಇರಲಿಲ್ಲ. ಹಲಗೆಯ ಮೇಲೆ ಓಡುತ್ತಿದ್ದ ಆರರಲ್ಲಿ ಎರಡಕ್ಕೆ ಮಾತ್ರ ಇತ್ತು.

ಮರುದಿನ ಆರೂವರೆಯ ಬಸ್ಸಿಗೆ ಫರ್ಹಾನಾ ಹೊಸದುರ್ಗಕ್ಕೆ ಹೊರಟರು. ಮಡಿಲಲ್ಲಿದ್ದ ಚೀಲದೊಳಗೆ ತಮ್ಮದೇ ಎರಡು ಯಂತ್ರಗಳಿಂದ ಬಿಚ್ಚಿದ ಎಸ್‌ಎಂಪಿಎಸ್ ಪೆಟ್ಟಿಗೆಗಳು. ಸ್ಪರ್ಧೆಯ ಹನ್ನೊಂದನೇ ದಿನವದು.

ಹೊಸದುರ್ಗ ಬಸ್ ನಿಲ್ದಾಣದಲ್ಲಿ ದೊಡ್ಡತಿಮ್ಮಪ್ಪ ಇಳಿಯುವ ಗಂಡಸರ ಮುಖವನ್ನೆಲ್ಲ ನೋಡುತ್ತ ನಿಂತಿದ್ದರು. ಕಾಲೇಜು ಹುಡುಗನೋ, ಇಂಜಿನಿಯರೋ ಬರುತ್ತಾನೆಂದು ಅವರ ಎಣಿಕೆ. ಬಸ್ ಖಾಲಿಯಾಯಿತು. ಬುರ್ಖಾ ತೊಟ್ಟು ಚೀಲ ಹಿಡಿದ ಹೆಂಗಸೊಬ್ಬರು ಹತ್ತಿರ ಬಂದು, “ಹಟ್ಟಿ ತಿಮ್ಮ ಅಂದ್ರೆ ನೀವೇನ್ರಿ?” ಎಂದರು.

“ಹೌದಮ್ಮ. ಎಫ್‌ಕೆ ಸಾರು ಬರ್ಲಿಲ್ವಾ?”

“ಬಂದಾಯ್ತು ನಡೀರಿ. ಮಿಷನ್ ಎಲ್ಲೈತೆ?”

ಇದನ್ನು ನನಗೆ ಹೇಳುವಾಗ ದೊಡ್ಡತಿಮ್ಮಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡು ನಗುತ್ತಾರೆ. “ಅರ್ಧ ದಾರಿಗಂಟ ನಂಗೆ ತಿಳೀಲೇ ಇಲ್ಲ. ಆಮೇಲೆ ಬೈಕ್ ನಿಲ್ಲಿಸಿ ತಿರುಗಿ ನೋಡಿದೆ. ನಾಲ್ಕು ವರ್ಷ ನನ್ನ ಬೆವರು ಇಳಿಸಿದ್ದು ನೀನೇನಮ್ಮ ಅಂದೆ.”

ಮನೆಯಲ್ಲಿ ಅವರ ಹೆಂಡತಿ ಬರಗೇರಮ್ಮ ಮಜ್ಜಿಗೆ ತಂದಿಡುವಷ್ಟರಲ್ಲಿ ಫರ್ಹಾನಾ ನೆಲದ ಮೇಲೆ ಕೂತು ಮೊದಲ ಯಂತ್ರ ಬಿಚ್ಚಿದ್ದರು. ಪೆಟ್ಟಿಗೆ ಬದಲಾಯಿಸಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು. ಎರಡನೆಯದು ತಿರುಗಲಿಲ್ಲ. ಬೋರ್ಡಿನ ಮೇಲೆ ಕೆಪಾಸಿಟರ್ ಎಂಬ ಸಣ್ಣ ಬಿಡಿಭಾಗಗಳು ಮೂರು ಉಬ್ಬಿ ಕೆಟ್ಟಿದ್ದವು. ಅದಕ್ಕೆ ಬೇಕಾದ ಬೆಸುಗೆಯ ಸಾಮಾನು ತಂದಿರಲಿಲ್ಲ.

ತಲೆಯೆತ್ತಿದಾಗ ಗೋಡೆಯಲ್ಲಿದ್ದ ಒಂದು ಕಪ್ಪುಬಿಳುಪು ಫೋಟೋ ಕಂಡಿತು. ಕಂಬಳಿ ಹೊದ್ದ ಯುವಕ. ಯಾರೆಂದು ಕೇಳಿದರು.

“ನನ್ನ ತಮ್ಮ, ಬೀರಪ್ಪ,” ಎಂದರು ದೊಡ್ಡತಿಮ್ಮಪ್ಪ. “ಕುರಿ ಮೇಯಿಸಾಕೆ ಹೋಗಿದ್ದ. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಕೊಳಕುಮಂಡಲ ಕಚ್ತು. ಗಾಡಿಯಾಗೆ ಹಾಕ್ಕಂಡು ಹೊಂಟ್ವಿ. ಆಸ್ಪತ್ರೆ ಇನ್ನೂ ಎರಡು ಮೈಲಿ ಇತ್ತು. ಅವನ ತಲೆ ನನ್ನ ತೊಡೆ ಮ್ಯಾಲೇ ಇತ್ತಮ್ಮ.”

ಅಲ್ಲಿಯವರೆಗೆ ಫರ್ಹಾನಾಗೆ ಇದು ಅಂಕಗಳ ಆಟ. ಯಂತ್ರ ತಡೆಯುತ್ತದೆಯೇ ಎಂಬ ಪರೀಕ್ಷೆಯಾಗಿ ಶುರುವಾಗಿ ಛಲವಾಗಿ ಬೆಳೆದದ್ದು. “ಯಾವ ವಿಷ, ಯಾವ ಔಷಧಿ, ಅದನ್ನೆಲ್ಲ ನಾನು ಮನಸ್ಸಿಗೆ ತಗಂಡಿರ್ಲಿಲ್ಲ. ಅವರು ಎರಡು ಮೈಲಿ ಅಂದ್ರಲ್ಲ, ಆಗ ತಿಳೀತು ಆ ಮಾತ್ರೆ ಯಾಕೆ ಬೇಕು ಅಂತ,” ಎನ್ನುತ್ತಾರೆ.

ಕೆಟ್ಟ ಬೋರ್ಡನ್ನು ಚೀಲಕ್ಕೆ ಹಾಕಿಕೊಂಡು ಅವರು ಹಿರಿಯೂರಿಗೆ ಮರಳಿದರು. ಸಂಜೆಯೇ ಕೂತು ಕೆಪಾಸಿಟರ್ ಬದಲಾಯಿಸಿ, ಮರುದಿನ ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿ ಹೊಸದುರ್ಗದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರು. ಫೋನಿನಲ್ಲಿ ಕೇಳಿಕೊಂಡು ದೊಡ್ಡತಿಮ್ಮಪ್ಪ ತಾವೇ ಅದನ್ನು ಕೂರಿಸಿದರು. ಎಸ್‌ಎಂಪಿಎಸ್ ಎರಡೂ ದೊಡ್ಡತಿಮ್ಮಪ್ಪನವರಲ್ಲೇ ಉಳಿದವು. ಸ್ಪರ್ಧೆ ಮುಗಿಯುವವರೆಗೆ ಫರ್ಹಾನಾ ಅವರ ಹಲಗೆಯ ಮೇಲೆ ನಾಲ್ಕೇ ಯಂತ್ರಗಳು ಓಡಿದವು. ಕೊನೆಯ ದಿನ ಸಂಜೆ ಪಟ್ಟಿ ಮುಚ್ಚಿದಾಗ ಹಟ್ಟಿ ತಿಮ್ಮ ಇನ್ನೂರ ಹನ್ನೆರಡು ಅಂಕಗಳಿಂದ ಗೆದ್ದಿದ್ದರು.

ಗುಂಪಿನಲ್ಲಿ ಅಭಿನಂದನೆಗಳು ಬಂದವು. ದೊಡ್ಡತಿಮ್ಮಪ್ಪ ನಡೆದದ್ದೆಲ್ಲವನ್ನೂ ಅಲ್ಲೇ ಬರೆದು, ಈ ಸ್ಥಾನ ನನ್ನದಲ್ಲ ಎಂದರು. ಫರ್ಹಾನಾ ಒಪ್ಪಲಿಲ್ಲ. “ಲೆಕ್ಕ ಮಾಡಿದ್ದು ಅವ್ರ ಮಿಷನ್ ತಾನೆ? ಗೆಲುವು ಅವರದ್ದೇ.” ಆದರೆ ಅಂದಿನಿಂದ ಗುಂಪಿನಲ್ಲಿ ಒಂದು ಬದಲಾವಣೆಯಾಗಿದೆ. ಎಫ್‌ಕೆ ಸಾರ್ ಹೋಗಿ ‘ಫರ್ಹಾನಾ ತಂಗಿ’ ಬಂದಿದ್ದಾರೆ. ತಂಡದ ಯಾರ ಯಂತ್ರ ಕೆಟ್ಟರೂ ಈಗ ಹಿರಿಯೂರಿನ ಬಸ್ಸಿಗೆ ಬರುತ್ತದೆ.

ಇಷ್ಟೆಲ್ಲ ದುಡಿದು ಔಷಧಿ ಸಿಕ್ಕಿತೇ? ಇಲ್ಲ. ತಂಡ ಈವರೆಗೆ ಪರೀಕ್ಷಿಸಿದ ವಸ್ತುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬಾರದವು ಎಂದು ಸಂಶೋಧಕರ ಪತ್ರ ಹೇಳುತ್ತದೆ. ಮುಂದಿನ ಪರೀಕ್ಷೆಗೆ ಉಳಿದಿರುವುದು ಹದಿನೇಳು. “ಎಲ್ಲಿ ಇಲ್ಲ ಎಂದು ಗೊತ್ತಾದರೆ ಅವರು ಅಲ್ಲಿ ಮತ್ತೆ ಹುಡುಕಬೇಕಿಲ್ಲ. ನಾವು ಉಳಿಸಿದ್ದು ಅವರ ವರ್ಷಗಳನ್ನು,” ಎಂದು ವಿವರಿಸುತ್ತಾರೆ ನಾಗಶ್ರೀ. ಆ ಹದಿನೇಳರಲ್ಲಿ ಒಂದಾದರೂ ತಮ್ಮ ಹಲಗೆಯ ಮೇಲಿನ ಯಂತ್ರದಿಂದ ಹೋಗಿದೆಯೇ ಎಂದು ಫರ್ಹಾನಾಗೂ ಕುತೂಹಲ. ಪತ್ರದಲ್ಲಿ ಆ ವಿವರವಿಲ್ಲ.

ಬಿಸಿಲು ಓಣಿಗೆ ಇಳಿಯುತ್ತಿದೆ. ಮಂಡಿಯ ಮುಂದೆ ಲಾರಿಯೊಂದು ಹಿಂದಕ್ಕೆ ಸರಿಯುತ್ತಿದೆ. ಫರ್ಹಾನಾ ಶಟರನ್ನು ಪೂರ್ತಿ ಎತ್ತುತ್ತಾರೆ. ಏಪ್ರಿಲ್ ಮತ್ತೆ ಹತ್ತಿರ ಬಂದಿದೆ. ಈ ಸಲ ಏನಾಗಬೇಕು ಎಂದು ಹೊರಡುವ ಮುನ್ನ ಕೇಳುತ್ತೇನೆ.

“ತಿಮ್ಮಪ್ಪಣ್ಣಂಗೆ ವೋಲ್ಟೇಜ್ ಸ್ಟೆಬಿಲೈಜರ್ ಹಾಕಿಸಿಕೊಟ್ಟು ಬಂದಿದೀನಿ,” ಎನ್ನುತ್ತಾರೆ. “ಹದಿನಾಲ್ಕು ದಿನವೂ ಅವ್ರ ಎರಡೂ ಮಿಷನ್ ನಿಲ್ಲದಂಗೆ ಓಡ್ಬೇಕು. ಹಂಗೆ ಓಡ್ತಿರುವಾಗ್ಲೇ ಅವರನ್ನ ಹಿಂದೆ ಹಾಕ್ಬೇಕು, ಅಷ್ಟೇ ನನ್ನ ಆಸೆ.”